ಬೇರಿಲ್ಲದ ಹಲ್ಲು

ದೂರು ಠಾಣೆಗೆ ಬಂದದ್ದು 2006ರ ಆಗಸ್ಟ್ 19, ಶನಿವಾರ, ಮಧ್ಯಾಹ್ನ ಮೂರೂವರೆಗೆ. ತಂದವರು ಮಧುರಾ. ನೈರೋಬಿಯ ಹರ್ಲಿಂಗ್‌ಹ್ಯಾಮ್‌ನಲ್ಲಿ ದಂತ ಚಿಕಿತ್ಸಾಲಯ ನಡೆಸುತ್ತಿದ್ದ ಡಾಕ್ಟರ್ ಯಶವಂತ್ ಅವರ ಹೆಂಡತಿ. ಅವರ ಚೂಡಿದಾರದ ತೋಳಿಗೆ ಹತ್ತಿದ್ದ ರಕ್ತ ಆಗಲೇ ಒಣಗಿ ಗಟ್ಟಿಯಾಗಿತ್ತು. ಗಂಡನನ್ನು ಆಂಬುಲೆನ್ಸಿಗೆ ಹತ್ತಿಸಿ ನೇರವಾಗಿ ಬಂದಿದ್ದರು.

ಇನ್ಸ್‌ಪೆಕ್ಟರ್ ವೆಕೆಸಾ ಅವರನ್ನು ಕೂರಿಸಿ ನೀರು ತರಿಸಿದರು. ಕಾನ್‌ಸ್ಟೇಬಲ್ ಅತಿಯೆನೊ ಆಕರೆನ್ಸ್ ಬುಕ್ ತೆರೆದಳು. ನಮ್ಮ ಕಡೆ ಎಫ್‌ಐಆರ್ ಬರೆಯುವ ಮೊದಲು ಠಾಣೆಯ ದಿನಚರಿಯಲ್ಲಿ ನಮೂದಿಸುವಂತೆ, ಕೀನ್ಯಾದಲ್ಲಿ ಪ್ರತಿ ದೂರೂ ಮೊದಲು ಸೇರುವುದು ಆ ದಪ್ಪ ಪುಸ್ತಕಕ್ಕೆ.

"ಶನಿವಾರ ಒಂದು ಗಂಟೆಗೆ ಕ್ಲಿನಿಕ್ ಮುಚ್ಚಿ ಊಟಕ್ಕೆ ಬರ್ತಾರೆ. ಇವತ್ತು ಎರಡೂವರೆ ಆದ್ರೂ ಬರಲಿಲ್ಲ, ಫೋನ್ ಎತ್ತಲಿಲ್ಲ. ಹೋಗಿ ನೋಡಿದ್ರೆ ಬಾಗಿಲು ತೆಗೆದೇ ಇತ್ತು. ಪೇಷೆಂಟ್ ಚೇರ್ ಪಕ್ಕ ಬಿದ್ದಿದ್ರು."

"ಪ್ರಜ್ಞೆ ಇತ್ತೆ?"

"ಇಲ್ಲ. ಉಸಿರಿತ್ತು."

"ಯಾರ ಮೇಲಾದರೂ ಅನುಮಾನ?"

ಮಧುರಾ ಒಂದು ಕ್ಷಣವೂ ಯೋಚಿಸಲಿಲ್ಲ. "ಗಿಚೂರು. ಕ್ಲಿನಿಕ್ ಗುಡಿಸಿ ಒರೆಸೋನು. ಇನ್ನೊಂದು ಕೀ ಇರೋದು ಅವನ ಹತ್ರಾನೇ. ಹೋದ ವಾರ ಸಂಬಳ ಜಾಸ್ತಿ ಮಾಡಿ ಅಂತ ಕೇಳಿದ್ದ."

ನಾಲ್ಕು ಗಂಟೆಯ ಹೊತ್ತಿಗೆ ವೆಕೆಸಾ ಚಿಕಿತ್ಸಾಲಯದಲ್ಲಿದ್ದರು. ಎರಡನೆಯ ಮಹಡಿ; ಮುಂದೆ ಕಾಯುವ ಕೋಣೆ, ಒಳಗೆ ಚಿಕಿತ್ಸೆಯ ಕೋಣೆ. ನಮ್ಮ ಕಡೆಯಾಗಿದ್ದರೆ ಪಂಚರನ್ನು ಕರೆದು ಪಂಚನಾಮೆ ಬರೆಸುತ್ತಿದ್ದರು. ಇಲ್ಲಿ ಫೋಟೋದವನೊಬ್ಬ ಬಂದು ಚಿತ್ರ ತೆಗೆದ, ಅತಿಯೆನೊ ಕೋಣೆಯ ನಕ್ಷೆ ಬರೆದುಕೊಂಡಳು. ಡಾಕ್ಟರ ಪರ್ಸು ಕೋಟಿನ ಜೇಬಿನಲ್ಲಿತ್ತು. ಮೊಬೈಲು ಮೇಜಿನ ಮೇಲಿತ್ತು. ಕಪಾಟುಗಳನ್ನು ಯಾರೂ ಕೆದಕಿರಲಿಲ್ಲ. ನೆಲದಲ್ಲಿ ರಕ್ತದ ಜೊತೆ ಸುಣ್ಣದಂಥ ಬಿಳಿ ಚೂರುಗಳು ಉದುರಿದ್ದವು. ಹಳೆಯ ಕಟ್ಟಡ, ಚಾವಣಿಯದ್ದಿರಬೇಕೆಂದು ಫೋಟೋದವನು ಹೇಳಿದ. ಚಾವಣಿ ಹಲಗೆಯದಾಗಿತ್ತು. ವೆಕೆಸಾ ಚೂರುಗಳನ್ನು ಲಕೋಟೆಗೆ ಹಾಕಿಸಿದರು.

ಬಾಯಿ ಮುಕ್ಕಳಿಸುವ ಬೇಸಿನ್ನಿನ ಬುಡದಲ್ಲಿ ಅತಿಯೆನೊಗೆ ಒಂದು ಹಲ್ಲು ಸಿಕ್ಕಿತು. ಮೇಲ್ಸಾಲಿನ ಮುಂದಿನ ಹಲ್ಲು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ದಂತವೈದ್ಯರ ಹತ್ತಿರ ಹಲ್ಲು ಸಿಕ್ಕರೆ ಏನು ವಿಶೇಷ?" ಎಂದ ಫೋಟೋದವನು.

"ಕಟುಕನ ಅಂಗಡಿಯಲ್ಲಿ ಮೂಳೆ ಸಿಕ್ಕ ಹಾಗೆ," ಎಂದು ವೆಕೆಸಾ ಒಪ್ಪಿದರು. ಆದರೂ ಅದನ್ನು ಬೇರೆ ಲಕೋಟೆಗೆ ಹಾಕಿ ಸಹಿ ಮಾಡಿದರು.

ಗಿಚೂರು ಮರುದಿನ ಬೆಳಿಗ್ಗೆ ಚರ್ಚಿನ ಮೆಟ್ಟಿಲ ಮೇಲೆ ಸಿಕ್ಕಿದ. ನಲವತ್ತರ ಆಸುಪಾಸಿನ ಸಣಕಲು ಮನುಷ್ಯ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಪಕ್ಕದಲ್ಲಿದ್ದರು. ಡಾಕ್ಟರಿಗೆ ಏಟು ಬಿದ್ದಿದೆ ಎಂದಾಗ ಅವನು ಎರಡೂ ಕೈ ತಲೆಯ ಮೇಲಿಟ್ಟುಕೊಂಡ. ನೋಡಿದವರಿಗೆ ಅದು ನಟನೆ ಅನ್ನಿಸಲಿಲ್ಲ.

"ಎಷ್ಟು ಹೊತ್ತಿಗೆ ಕ್ಲಿನಿಕ್ ಬಿಟ್ಟೆ?"

"ಹನ್ನೆರಡೂವರೆಗೆ, ಅಫಂಡೆ." ಪೊಲೀಸರನ್ನು ಅಲ್ಲಿ ಜನ ಕರೆಯುವುದು ಹಾಗೆ. "ನೆಲ ಒರೆಸಿ ಹೊರಟೆ. ಡಾಕ್ಟರು ಒಳಗೆ ಪತ್ರಿಕೆ ಓದ್ತಿದ್ರು."

"ಎಲ್ಲಿಗೆ?"

"ಚರ್ಚಿಗೆ. ಹಾಡಿನ ಅಭ್ಯಾಸ ಇತ್ತು. ಹತ್ತಿದ ಮಟಾಟು ವ್ಯಾನು ದಾರಿಯಲ್ಲಿ ಕೆಟ್ಟು ನಿಂತುಹೋಯ್ತು. ಮೂರಕ್ಕೆ ಮುಟ್ಟಿದೆ."

ಹನ್ನೆರಡೂವರೆಯಿಂದ ಮೂರರವರೆಗೆ ಅವನನ್ನು ಗುರುತು ಹಿಡಿದು ಹೇಳಬಲ್ಲವರು ಯಾರೂ ಇರಲಿಲ್ಲ. ಅವನನ್ನು ಠಾಣೆಗೆ ಕರೆತಂದರು.

ಸೋಮವಾರ ಡಾಕ್ಟರ್ ಯಶವಂತ್‌ಗೆ ಪ್ರಜ್ಞೆ ಬಂತು. ವೆಕೆಸಾ ಆಸ್ಪತ್ರೆಗೆ ಹೋದಾಗ ಮಧುರಾ ಗಂಡನ ಕೈ ಹಿಡಿದು ಕೂತಿದ್ದರು. ತಲೆಗೆ ಸುತ್ತಿದ್ದ ಬಟ್ಟೆ ಎಡ ಹುಬ್ಬಿನವರೆಗೂ ಇಳಿದಿತ್ತು.

"ಯಾರು ಹೊಡೆದದ್ದು, ಡಾಕ್ಟರ್?"

ಯಶವಂತ್ ಹೆಂಡತಿಯ ಮುಖ ನೋಡಿದರು. "ಗಿಚೂರು," ಅಂದರು. "ದುಡ್ಡು ಕೇಳಿದ. ಇಲ್ಲ ಅಂದೆ. ಹೊಡೆದುಬಿಟ್ಟ."

"ಯಾವುದರಿಂದ?"

"ನೋಡಲಿಲ್ಲ."

"ಕೋಣೆಯಲ್ಲಿ ಒಂದು ಹಲ್ಲು ಸಿಕ್ಕಿದೆ."

"ಯಾವುದೋ ಹಳೇ ಸ್ಯಾಂಪಲ್ ಇರಬೇಕು." ಅವರು ಕಣ್ಣು ಮುಚ್ಚಿಕೊಂಡರು. "ತಲೆ ನೋಯ್ತಿದೆ. ಪ್ಲೀಸ್."

ಅಷ್ಟಕ್ಕೆ ಪ್ರಕರಣದ ಹೆಸರೇ ಬದಲಾಯಿತು. ಹಿಂಸೆಯೊಡನೆ ದರೋಡೆಯ ಯತ್ನ. ಆ ದಿನಗಳ ಕೀನ್ಯಾದಲ್ಲಿ ಅದಕ್ಕೆ ಇದ್ದ ಶಿಕ್ಷೆ ಒಂದೇ, ಗಲ್ಲು. ಅಂಥ ಪ್ರಕರಣದ ಆರೋಪಿಯನ್ನು ಕೋರ್ಟಿಗೆ ಒಪ್ಪಿಸದೆ ಹದಿನಾಲ್ಕು ದಿನ ಇಟ್ಟುಕೊಳ್ಳುವ ಅವಕಾಶ ಪೊಲೀಸರಿಗಿತ್ತು. ಮೇಲಧಿಕಾರಿ ಬೆನ್ನು ತಟ್ಟಿದರು. ಭಾರತೀಯ ಸಮುದಾಯದ ಹಿರಿಯರೊಬ್ಬರು ಫೋನ್ ಮಾಡಿ ಧನ್ಯವಾದ ಹೇಳಿದರು.

ವೆಕೆಸಾ ಅವರಿಗೆ ಸಮಾಧಾನವಾಗಲಿಲ್ಲ. "ಪೆಟ್ಟು ಬಿದ್ದಿರೋದು ಎಡ ಹುಬ್ಬಿನ ಮೇಲೆ," ಎಂದರು ಅತಿಯೆನೊಗೆ. "ಹೊಡೆದವನು ಎದುರಿಗೇ ನಿಂತಿದ್ದ. ಮುಖ ಕಂಡಿದೆ, ಕೈಯಲ್ಲಿದ್ದದ್ದು ಕಾಣಲಿಲ್ಲವಂತೆ."

"ಗಿಚೂರು ಇನ್ನೊಂದು ಮಾತು ಹೇಳ್ತಾನೆ ಸರ್. ನಾನು ನೆಲ ಒರೆಸಿದಾಗ ಬೇಸಿನ್ ಕೆಳಗೆ ಹಲ್ಲು ಗಿಲ್ಲು ಏನೂ ಇರಲಿಲ್ಲ ಅಂತ."

ಮಂಗಳವಾರ ಅವರಿಬ್ಬರೂ ಲಕೋಟೆಗಳನ್ನು ಹಿಡಿದು ದಂತ ವೈದ್ಯಕೀಯ ಪಾಠ ಹೇಳುತ್ತಿದ್ದ ಡಾಕ್ಟರ್ ನ್ಯಾಂಬುರಾ ಅವರಲ್ಲಿಗೆ ಹೋದರು. ನ್ಯಾಂಬುರಾ ಐವತ್ತು ದಾಟಿದ ಹೆಂಗಸು. ಹಲ್ಲನ್ನು ಬಿಳಿ ಬಟ್ಟೆಯ ಮೇಲಿಟ್ಟು, ದೀಪ ಹತ್ತಿರಕ್ಕೆಳೆದು, ತಿರುಗಿಸಿ ತಿರುಗಿಸಿ ನೋಡಿದರು.

"ಇದು ಹಲ್ಲಲ್ಲ," ಎಂದರು ಕೊನೆಗೆ. "ಅರ್ಧ ಹಲ್ಲು. ಬಾಯಲ್ಲಿ ನಮಗೆ ಕಾಣೋದು ತಲೆಯ ಭಾಗ ಮಾತ್ರ. ಅಷ್ಟೇ ಉದ್ದದ, ಇಲ್ಲವೇ ಅದಕ್ಕಿಂತ ಉದ್ದದ ಬೇರು ದವಡೆಯ ಮೂಳೆಯೊಳಗೆ ಇರುತ್ತೆ. ಎರಡೂ ಸೇರೋ ಕಡೆ, ಒಸಡಿನ ಅಂಚಿನಲ್ಲಿ, ಕೊರಳಿದೆ. ಇದು ಕೊರಳಲ್ಲಿ ಮುರಿದಿದೆ."

"ಬೇರು?"

"ಯಾರದೋ ಒಸಡಿನಲ್ಲಿದೆ. ಈಗಲೂ."

ಅತಿಯೆನೊ ತನಗರಿವಿಲ್ಲದೆ ನಾಲಗೆಯನ್ನು ಮುಂದಿನ ಹಲ್ಲಿಗೆ ತಾಗಿಸಿದಳು.

"ಹಳೇ ಸ್ಯಾಂಪಲ್ ಅಂತಾರೆ ಡಾಕ್ಟರು," ಎಂದರು ವೆಕೆಸಾ.

"ಮುರಿದ ಅಂಚು ನೋಡಿ. ಹಳೇದಾಗಿದ್ದರೆ ಒಣಗಿ ಬಿರುಕು ಬಿಟ್ಟಿರುತ್ತಿತ್ತು. ಇದು ಕೆಲವೇ ದಿನದ್ದು." ನ್ಯಾಂಬುರಾ ಸಣ್ಣ ಚಿಮುಟದಿಂದ ಹೊಳೆಯುವ ಹೊರಭಾಗವನ್ನು ತೋರಿಸಿದರು. "ಈ ಬಿಳುಪು ಪಿಂಗಾಣಿಯ ಟೋಪಿ. ಮೂಲ ಹಲ್ಲು ಇದರೊಳಗಿದೆ, ಮೊಳೆಯ ಹಾಗೆ ಸವೆಸಿದ್ದಾರೆ. ಟೋಪಿ ಕೂರಬೇಕಲ್ಲ."

ಅವರು ಕಾಗದದ ಮೇಲೆ ಹಲ್ಲೊಂದನ್ನು ಉದ್ದುದ್ದ ಸೀಳಿದಂತೆ ಬರೆದು ತೋರಿಸಿದರು. ಹೊರಗೆ ಎನಾಮಲ್. ಮನುಷ್ಯನ ಮೈಯಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ. ಅದರ ಕೆಳಗೆ ಹಳದಿ ಛಾಯೆಯ ಡೆಂಟಿನ್, ಕಣ್ಣಿಗೆ ಕಾಣದ ಸಾವಿರಾರು ಕೊಳವೆಗಳಿಂದಾದದ್ದು; ತಣ್ಣೀರು ಜುಮ್ಮೆನ್ನುವುದು ಅಲ್ಲಿಂದ. ನಟ್ಟನಡುವೆ ತಿರುಳು; ನರ, ರಕ್ತ, ಹಲ್ಲಿನ ಜೀವವೆಲ್ಲ ಅಲ್ಲಿ. ಬೇರಿನ ಸುತ್ತ ತೆಳುವಾದ ಒಂದು ಲೇಪ, ಆ ಲೇಪವನ್ನು ಮೂಳೆಗೆ ಕಟ್ಟಿಹಾಕುವ ನಾರು.

"ಮೂಳೆ ಮುರಿದರೆ ಕೂಡುತ್ತೆ ಇನ್ಸ್‌ಪೆಕ್ಟರ್. ಚರ್ಮ ಹರಿದರೆ ಕೂಡುತ್ತೆ. ಎನಾಮಲ್ ಹೋದರೆ ಹೋಯ್ತು. ಅದನ್ನ ಕಟ್ಟಿದ ಜೀವಕೋಶಗಳು ಹಲ್ಲು ಹುಟ್ಟೋ ಹೊತ್ತಿಗೇ ಸತ್ತುಹೋಗಿರ್ತವೆ. ಅದಕ್ಕೇ ನಾವು ಒಳ್ಳೇ ಹಲ್ಲಿಗೆ ಡ್ರಿಲ್ ಇಡೋ ಮುಂಚೆ ಹತ್ತು ಸಲ ಯೋಚಿಸಬೇಕು."

"ಇದು ಒಳ್ಳೇ ಹಲ್ಲಾಗಿತ್ತಾ?"

"ಹುಳುಕಿನ ಗುರುತೇ ಇಲ್ಲ. ತಿರುಳಿನ ಕೋಣೆ ದೊಡ್ಡದಾಗಿದೆ. ವಯಸ್ಸಾಗ್ತಾ ಅದು ಕಿರಿದಾಗುತ್ತೆ. ಹಾಗಾಗಿ ಮೂವತ್ತರ ಒಳಗಿನವರು. ಸವೆಸುವಾಗ ತಿರುಳಿನ ತೀರ ಹತ್ತಿರ ಹೋಗಿದ್ದಾರೆ. ತಿರುಳು ಸತ್ತಿದೆ. ಸಾಯುವಾಗ ಎಂಥ ನೋವು ಕೊಟ್ಟಿರುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಸತ್ತಮೇಲೆ ತೆಳ್ಳಗಿನ ಮೊಳೆ, ಎಂದಾದರೊಂದು ದಿನ ಪಟ್ ಅಂತ ಮುರಿಯಲೇಬೇಕು."

"ಒಳ್ಳೇ ಹಲ್ಲನ್ನ ಯಾಕೆ ಸವೆಸಿದರು?"

ನ್ಯಾಂಬುರಾ ಭೂತಗನ್ನಡಿಯನ್ನು ಅವರ ಕೈಗೆ ಕೊಟ್ಟರು. ಪಿಂಗಾಣಿ ಮುಗಿಯುವಲ್ಲಿ, ಹಲ್ಲಿನ ಕೊರಳ ಸುತ್ತ, ಮೂಲ ಎನಾಮಲ್ಲಿನ ದಾರದಷ್ಟು ಅಂಚು ಉಳಿದಿತ್ತು. ಅದು ಕಾಫಿಯ ಬಣ್ಣದ್ದಾಗಿತ್ತು.

"ಫ್ಲೋರೈಡ್. ಹಲ್ಲು ದವಡೆಯೊಳಗೆ ರೂಪುಗೊಳ್ಳೋ ಕಾಲಕ್ಕೆ, ಮಗು ಕುಡಿದ ನೀರಿನದು. ಎಲ್ಲಿ ಬೆಳೆದಿರಿ ಅನ್ನೋದು ಎನಾಮಲ್‌ನಲ್ಲಿ ಸಾಯೋವರೆಗೂ ಇರುತ್ತೆ."

"ಗಿಚೂರು ನೈವಾಶಾ ಕಡೆಯವನು," ಎಂದಳು ಅತಿಯೆನೊ ಮೆಲ್ಲಗೆ. "ಅಲ್ಲಿಯ ನೀರೂ ಹಾಗೇ. ಅವನ ಹಲ್ಲೂ ಕಂದು."

"ಹಾಗಾದರೆ ಅವನ ಬಾಯಿ ನೋಡಿ." ನ್ಯಾಂಬುರಾ ಎರಡನೆಯ ಲಕೋಟೆ ಬಿಚ್ಚಿದರು. ಬಿಳಿ ಚೂರುಗಳಲ್ಲೊಂದನ್ನು ಬೆರಳಲ್ಲಿ ಉಜ್ಜಿದರು. ಇನ್ನೊಂದನ್ನು ಮಗುಚಿದಾಗ ಅದರಲ್ಲಿ ಕೋರೆಹಲ್ಲೊಂದರ ತುದಿ ಸ್ಪಷ್ಟವಾಗಿ ಕಂಡಿತು. "ಇದು ಗೋಡೆಯದ್ದಲ್ಲ. ಚಿಕಿತ್ಸೆಗೆ ಮುಂಚೆ ರೋಗಿಯ ಬಾಯಿಯ ಅಚ್ಚು ತೆಗೆದು ಗಾರೆಯಲ್ಲಿ ಎರಕ ಹೊಯ್ತೀವಿ. ಮೇಲಿನ ದವಡೆ, ಕೆಳಗಿನ ದವಡೆ ಎರಡನ್ನೂ ಕೀಲಿರುವ ಉಕ್ಕಿನ ಚೌಕಟ್ಟಿಗೆ ಕೂರಿಸ್ತೀವಿ. ಭಾರ ಇರುತ್ತೆ. ನಿಮ್ಮ ಡಾಕ್ಟರಿಗೆ ಹೊಡೆದದ್ದು ಅದರಿಂದ."

ಬುಧವಾರ ಬೆಳಿಗ್ಗೆ ವೆಕೆಸಾ ಸೆಲ್ಲಿಗೆ ಹೋಗಿ ಗಿಚೂರುವಿಗೆ ಬಾಯಿ ತೆರೆಯಲು ಹೇಳಿದರು. ಅವನು ಮೊದಲು ತೆರೆಯಲಿಲ್ಲ.

"ಪಟ್ಟಣಕ್ಕೆ ಬಂದ ಮೇಲೆ ನಗೋದು ಬಿಟ್ಟಿದೀನಿ ಅಫಂಡೆ," ಅಂದ. "ಕೆಲಸ ಕೇಳೋಕೆ ಹೋದಾಗ ಬಾಯಿ ತೊಳೆದೇ ಇಲ್ವಾ ಅಂತಾರೆ."

ಆಮೇಲೆ ತೆರೆದ. ಅತಿಯೆನೊ ಟಾರ್ಚ್ ಹಿಡಿದಳು. ಮುಂದೆ ಬಾಚಿಹಲ್ಲು, ಪಕ್ಕಕ್ಕೆ ಕೋರೆಹಲ್ಲು, ಹಿಂದೆ ದವಡೆಹಲ್ಲು. ಕಂದು ಪಟ್ಟೆ, ಅಲ್ಲಲ್ಲಿ ಗುಳಿ. ಆದರೆ ಎಲ್ಲವೂ ಅವನವೇ, ಎಲ್ಲವೂ ಬೇರೂರಿ ನಿಂತಿದ್ದವು. ಒಂದೂ ಮುರಿದಿರಲಿಲ್ಲ.

ಅಂದರೆ ನೆಲ ಒರೆಸಿದ ಮೇಲೆ ಆ ಕೋಣೆಗೆ ಇನ್ನೊಬ್ಬರು ಬಂದಿದ್ದರು. ಡಾಕ್ಟರು ಅದನ್ನು ಮುಚ್ಚಿಡುತ್ತಿದ್ದರು.

ಚಿಕಿತ್ಸಾಲಯವನ್ನು ಎರಡನೆಯ ಸಲ ಶೋಧಿಸಿದರು. ಮೊದಲ ಸಲ ಯಾರೂ ನೆಲಕ್ಕೆ ಕೆನ್ನೆಯಿಟ್ಟು ನೋಡಿರಲಿಲ್ಲ. ಡ್ರಿಲ್ಲಿಗೆ ಗಾಳಿ ಒದಗಿಸುವ ಯಂತ್ರದ ಹಿಂದಿನ ಸಂದಿಯಿಂದ ಅತಿಯೆನೊ ಉಕ್ಕಿನ ಚೌಕಟ್ಟೊಂದನ್ನು ಕೋಲಿನಿಂದ ಹೊರಗೆಳೆದಳು. ಮೇಲಿನ ಎರಕ ಒಡೆದುಹೋಗಿತ್ತು. ಕೆಳಗಿನದು ಹಾಗೇ ಇತ್ತು. ಚೌಕಟ್ಟಿನ ಹಿಡಿಯಲ್ಲಿ ಬೆರಳಚ್ಚಿತ್ತು, ಪ್ರಯೋಗಾಲಯಕ್ಕೆ ಕಳಿಸಿದರು. ಎರಕದಲ್ಲಿ ಒಂದು ವಿಚಿತ್ರವಿತ್ತು. ಕೆಳಸಾಲಿನಲ್ಲಿ ಎರಡು ಕೋರೆಹಲ್ಲುಗಳ ನಡುವೆ ನಾಲ್ಕು ಬಾಚಿಹಲ್ಲು ಇರಬೇಕು. ಇಲ್ಲಿ ಮೂರೇ ಇದ್ದವು, ನಡುವೆ ಖಾಲಿ ಜಾಗವೂ ಇರಲಿಲ್ಲ.

ನ್ಯಾಂಬುರಾ ಫೋನಿನಲ್ಲಿ ಹೇಳಿದರು: "ಹುಟ್ಟಿನಿಂದಲೇ ಒಂದು ಇಲ್ಲ. ಕೆಲವರಿಗೆ ಹಾಗಿರುತ್ತೆ. ಕೆಳಗಿನ ಹಲ್ಲನ್ನ ಸವೆಸಿರದಿದ್ದರೆ ಆ ಮೂರು ಇವತ್ತಿಗೂ ಹಾಗೇ ಇರ್ತವೆ."

ಕಟ್ಟಡದ ಗೇಟಿನಲ್ಲಿ ಕೂರುವ ಕಾವಲುಗಾರನನ್ನು ಅಲ್ಲಿಯವರೆಗೆ ಒಂದೇ ಪ್ರಶ್ನೆ ಕೇಳಿದ್ದರು: ಗಿಚೂರು ವಾಪಸ್ ಬಂದನಾ? ಈಗ ವೆಕೆಸಾ ಬೇರೆ ಕೇಳಿದರು.

"ಶನಿವಾರ ಒಂದು ಗಂಟೆ ಆಸುಪಾಸಿನಲ್ಲಿ ಮೇಲೆ ಹೋದವರು ಯಾರು?"

"ಒಬ್ಬ ಮುಹಿಂಡಿ ಹೆಂಗಸು. ಚಿಕ್ಕ ವಯಸ್ಸು." ಭಾರತೀಯರನ್ನು ಅವರು ಕರೆಯುವುದು ಹಾಗೆ. "ಬಾಯಿಗೆ ಬಟ್ಟೆ ಹಿಡ್ಕೊಂಡಿದ್ಲು. ಇಳಿದು ಬರುವಾಗ್ಲೂ ಹಿಡ್ಕೊಂಡೇ ಇದ್ಲು."

"ಮೊದಲೇ ಯಾಕೆ ಹೇಳಲಿಲ್ಲ?"

"ಹಲ್ಲುನೋವಿನವರೆಲ್ಲ ಹಾಗೇ ಬರ್ತಾರೆ ಅಫಂಡೆ. ನೀವೂ ಕೇಳಲಿಲ್ಲ."

ಗುರುವಾರ ವೆಕೆಸಾ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ವಿಮಲಾ ಅವರ ಮನೆ ಬಾಗಿಲು ತಟ್ಟಿದರು. ವಿಮಲಾ ಮೈಸೂರಿನವರು, ನಿವೃತ್ತ ಶಿಕ್ಷಕಿ. ಭಾನುವಾರಗಳಂದು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಕನ್ನಡ ಮಾತ್ರ ಬಲ್ಲವರ ಹೇಳಿಕೆ ಪಡೆಯಬೇಕಾದಾಗ ಪೊಲೀಸರು ಅವರನ್ನೇ ಕರೆಯುವುದು. ಡಾಕ್ಟರಲ್ಲಿಗೆ ಹೋಗುವ ಕನ್ನಡದವರೆಲ್ಲ ಅವರಿಗೆ ಗೊತ್ತು. ಚಹಾ ಕೊಟ್ಟು ಎದುರಿಗೆ ಕೂತರು.

"ನಿಮ್ಮ ದೇಶದಲ್ಲಿ ಹಲ್ಲು ಕಂದಾಗೋ ನೀರು ಇದೆಯಾ, ಮೇಡಂ?"

"ಇದೆ. ನಮ್ಮಲ್ಲಿ ಪಾವಗಡದ ಕಡೆ ಬೋರ್‌ವೆಲ್ ನೀರು ಹಾಗೆ. ಊರಿಗೆ ಊರೇ..." ಅಷ್ಟು ಹೇಳಿ ಅವರು ನಿಂತುಬಿಟ್ಟರು. ಕಪ್ಪು ಕೆಳಗಿಟ್ಟರು.

ವೆಕೆಸಾ ತಮ್ಮ ಕಪ್ಪನ್ನೂ ಕೆಳಗಿಟ್ಟರು.

"ನೀವು ಯಾಕೆ ಕೇಳ್ತಿದೀರಿ ಅಂತ ಗೊತ್ತಾಯ್ತು," ಎಂದರು ವಿಮಲಾ. "ಡಾಕ್ಟರ ವಿಷಯ. ಆದರೆ ಹೊಡೆದವನು ಸಿಕ್ಕಿದಾನೆ ಅಂತ ಎಲ್ಲರೂ ಹೇಳ್ತಿದಾರಲ್ಲ?"

"ಸಿಕ್ಕಿರೋನು ಹೊಡೆದಿಲ್ಲ. ಆದರೆ ಡಾಕ್ಟರ ಮಾತು ನಿಂತರೆ ಅವನನ್ನ ನೇಣಿಗೆ ಹಾಕ್ತಾರೆ. ಇಬ್ಬರು ಹೆಣ್ಣುಮಕ್ಕಳಿದಾರೆ ಅವನಿಗೆ."

ಬೀದಿಯಲ್ಲಿ ಮಟಾಟುವಿನ ಹಾರ್ನು ಕೇಳಿ ನಿಂತಿತು. ವಿಮಲಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು.

"ಒಬ್ಬಳು ಹುಡುಗಿ ಇದಾಳೆ. ಊರ್ಮಿಳಾ ಅಂತ. ಪಾವಗಡದ ಕಡೆಯವಳೇ. ಮದುವೆಯಾಗಿ ಬಂದು ಎರಡು ವರ್ಷ. ಹೋದ ವರ್ಷ ಯುಗಾದಿಗೆ ಬಂದಾಗ ನಕ್ಕರೆ ಅಂಗೈ ಅಡ್ಡ ಹಿಡೀತಿದ್ಲು. ಈ ವರ್ಷ ಹಲ್ಲೆಲ್ಲ ಮುತ್ತಿನ ಹಾಗೆ. ನಾನೇ ಎಷ್ಟು ಚೆನ್ನಾಗಿದೆ ಅಂದೆ. ನಗಲಿಲ್ಲ ಅವಳು. ನೋವು ಆಂಟಿ, ಅಂದ್ಲು. ಸರಿಹೋಗುತ್ತೆ ಬಿಡು ಅಂದುಬಿಟ್ಟೆ." ಅವರ ದನಿ ಸಣ್ಣದಾಯಿತು. "ಈ ಭಾನುವಾರ ದೇವಸ್ಥಾನಕ್ಕೂ ಬರಲಿಲ್ಲ."

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ವೆಕೆಸಾ, ಅತಿಯೆನೊ, ವಿಮಲಾ ಮೂವರೂ ಪಾರ್ಕ್‌ಲ್ಯಾಂಡ್ಸ್‌ನ ಒಂದು ಫ್ಲ್ಯಾಟಿನ ಗಂಟೆ ಒತ್ತಿದರು. ಬಾಗಿಲು ತೆರೆದದ್ದು ಊರ್ಮಿಳಾಳ ಗಂಡ ಅಭಯ್. ಬೆಂಗಳೂರಿನವನು, ಔಷಧ ಕಾರ್ಖಾನೆಯೊಂದರಲ್ಲಿ ಮ್ಯಾನೇಜರು. ಟೈ ಕಟ್ಟಿ ಹೊರಡಲು ನಿಂತಿದ್ದ. ಪೊಲೀಸರ ಹಿಂದೆ ವಿಮಲಾ ಅವರನ್ನು ಕಂಡು ಅವನ ಮುಖ ಬಿಳುಚಿತು.

"ಅವಳಿಗೆ ಹುಷಾರಿಲ್ಲ ಆಂಟಿ. ಫೀವರ್. ಇನ್ನೊಂದು ದಿನ ಬನ್ನಿ ಅಂತ ಹೇಳಿ ಅವ್ರಿಗೆ."

"ಯಾವಾಗಿನಿಂದ ಜ್ವರ?" ವೆಕೆಸಾ ಇಂಗ್ಲಿಷಿನಲ್ಲಿ ಕೇಳಿದರು.

"ಶನಿವಾರದಿಂದ."

"ಡಾಕ್ಟರಿಗೆ ತೋರಿಸಿದಿರಾ?"

ಅಭಯ್ ಬಾಗಿಲಿನಿಂದ ಪಕ್ಕಕ್ಕೆ ಸರಿದ.

ಊರ್ಮಿಳಾ ಒಳಕೋಣೆಯಲ್ಲಿ ಮಂಚದ ಅಂಚಿನಲ್ಲಿ ಕೂತಿದ್ದಳು. ಇಪ್ಪತ್ನಾಲ್ಕರ ಹುಡುಗಿ. ದುಪಟ್ಟಾವನ್ನು ಮೂಗಿನವರೆಗೂ ಎಳೆದುಕೊಂಡಿದ್ದಳು. ಮೇಲುಗಡೆ ಕೆನ್ನೆ ಕೆಂಪಗೆ ಊದಿ ಒಂದು ಕಣ್ಣು ಅರ್ಧ ಮುಚ್ಚಿತ್ತು. ಅತಿಯೆನೊ ಅವಳೆದುರು ನೆಲದ ಮೇಲೆ ಕೂತಳು, ನಿಂತು ಮಾತಾಡಿಸಲು ಅವಳಿಗೆ ಮನಸ್ಸಾಗಲಿಲ್ಲ.

"ಪೋಲೆ," ಎಂದಳು. ಸ್ವಾಹಿಲಿಯಲ್ಲಿ ಅದು ನೋವಿಗೆ ಹೇಳುವ ಮಾತು.

"ಊರ್ಮಿಳಾ," ವಿಮಲಾ ಭುಜ ಮುಟ್ಟಿದರು. "ಬಾಯಿ ತೋರಿಸ್ತೀಯೇನಮ್ಮಾ?"

ದುಪಟ್ಟಾ ಕೆಳಗಿಳಿಯಿತು. ಮೇಲ್ಸಾಲಿನ ನಡುವೆ ಒಂದು ಕಪ್ಪು ಕಿಂಡಿ. ಒಸಡಿನೊಳಗೆ ಮುರಿದ ಬೇರಿನ ಮುಖ ಕಾಣುತ್ತಿತ್ತು, ಸುತ್ತ ಕೀವು. ಅದರ ಎರಡೂ ಬದಿಗೆ ಪಿಂಗಾಣಿಯ ಬಿಳುಪು. ಕೆಳಸಾಲಿನ ಹಲ್ಲುಗಳು ಕಂದಾಗಿದ್ದವು, ಎರಡು ಕೋರೆಹಲ್ಲುಗಳ ನಡುವೆ ಮೂರೇ ಬಾಚಿಹಲ್ಲು.

ವೆಕೆಸಾ ಏನನ್ನೂ ಕೇಳುವ ಮೊದಲೇ ಅವಳು ಹೇಳಿದಳು: "ನಾನೇ ಹೊಡ್ದಿದ್ದು."

"ಊರ್ಮಿಳಾ, ಡೋಂಟ್ ಸೇ ಎನಿಥಿಂಗ್," ಎಂದು ಅಭಯ್ ಬಾಗಿಲಿನಿಂದ ಕೂಗಿದ. ಅತಿಯೆನೊ ಎದ್ದು ಹೋಗಿ ಬಾಗಿಲು ಮುಚ್ಚಿದಳು.

ಹೇಳಿಕೆಯನ್ನು ಠಾಣೆಯಲ್ಲಿ ಪಡೆದರು. ಏನನ್ನೂ ಹೇಳದಿರುವ ಹಕ್ಕನ್ನು ವಿಮಲಾ ಕನ್ನಡದಲ್ಲಿ ಎರಡು ಸಲ ವಿವರಿಸಿದರು. ಊರ್ಮಿಳಾ ಹೇಳುತ್ತೇನೆಂದಳು.

"ಡಾಕ್ಟರಲ್ಲಿಗೆ ಮೊದಲು ಹೋದದ್ದು ಯಾಕೆ?"

"ನಮ್ಮನೆಯವ್ರು ಕರ್ಕೊಂಡೋದ್ರು. ಕಂಪನಿ ಪಾರ್ಟಿಗೆ ಕರ್ಕೊಂಡೋಗಕ್ಕೆ ಅವ್ರಿಗೆ ನಾಚ್ಕೆ ಆಗ್ತಿತ್ತು. ಕ್ಲೀನ್ ಮಾಡುಸ್ಕೊಂಡು ಬರಣ ಅಂದ್ರು. ಕ್ಲೀನ್ ಅಂದ್ರೆ ತೊಳೀತಾರೆ ಅನ್ಕಂಡೆ."

"ಡಾಕ್ಟರು ವಿವರಿಸಲಿಲ್ಲವೆ?"

"ಅವರಿಬ್ರೂ ಇಂಗ್ಲಿಷಲ್ಲಿ ಮಾತಾಡ್ಕಂಡ್ರು. ಡಾಕ್ಟ್ರು ದಾವಣಗೆರೆಯೋರು. ಕನ್ನಡ ಬರುತ್ತೆ ಅವ್ರಿಗೆ. ನನ್ನತ್ರ ಒಂದು ಮಾತು ಆಡ್ಲಿಲ್ಲ. ಬಾಯಿ ತೆಗಿ, ಮುಚ್ಚು, ಅಷ್ಟೇ. ಇಂಜೆಕ್ಷನ್ ಕೊಟ್ರು. ಸುಟ್ಟ ವಾಸ್ನೆ ಬಂತು. ಮನೆಗ್ ಬಂದು ನೋಡ್ಕಂಡ್ರೆ ಎಂಟು ಹಲ್ಲು, ಬರೀ ಮೊಳೆ. ಮಾರ್ನೇ ವಾರ ಬಿಳೇದು ಹಾಕಿದ್ರು."

"ಆಮೇಲೆ?"

"ನೋವು. ಒಂದಾದ್ಮೇಲೆ ಒಂದು. ಕೇಳಿದ್ರೆ ಮನಸ್ಸಿಗೆ ಅನ್ಸೋದು ಅಂದ್ರು. ನಮ್ಮನೆಯವ್ರೂ ಅದೇ ಅಂದ್ರು."

"ಶನಿವಾರ?"

"ಚಪಾತಿ ಹರೀವಾಗ ಕಳಚ್ಕಂಡು ಕೈಗೆ ಬಂತು. ಕರ್ಚೀಫಲ್ಲಿ ಕಟ್ಕಂಡು ಒಬ್ಳೇ ಹೋದೆ. ನನ್ ಹಲ್ಲು ನನಗ್ ವಾಪಸ್ ಮಾಡ್ಕೊಡಿ ಅಂದೆ. ನಕ್ರು. ಒಂದ್ಸಲ ಸವ್ಸಿದ್ಮೇಲೆ ಅದೆಲ್ಲಿ ಬರುತ್ತೆ, ಅದು ಬೆಳೆಯೋದಲ್ಲ, ಅಂದ್ರು. ಮೊದ್ಲು ಯಾಕೆ ಹೇಳ್ಲಿಲ್ಲ ಅಂದೆ. ಒಳಗಿಂದ ಅಚ್ಚು ತಂದು ತೋರ್ಸಿದ್ರು. ನೋಡು, ಹೀಗಿದ್ದೆ ನೀನು, ಈ ಬಾಯಿ ಇಟ್ಕಂಡು ಯಾರ್ ಜೊತೆ ಕೂತು ಉಣ್ತಿದ್ದೆ, ಅಂದ್ರು."

ವಿಮಲಾ ಅನುವಾದಿಸುವುದನ್ನು ನಿಲ್ಲಿಸಿದರು. ವೆಕೆಸಾ ಪೆನ್ನು ಕೆಳಗಿಟ್ಟು ಕಾದರು.

"ಕೈಲಿ ಇಸ್ಕಂಡೆ," ಎಂದಳು ಊರ್ಮಿಳಾ. "ನಂದೇ ಹಲ್ಲು. ಸೊಟ್ಟ, ಗುಳಿ, ಎಲ್ಲಾ ಹಂಗಂಗೇ ಇತ್ತು. ನಮ್ಮಮ್ಮನ ಬಾಯೂ ಅಂಗೇ. ನಮ್ಮೂರಲ್ಲಿ ಎಲ್ಲಾರೂ ಅಂಗೇ ನಗೋದು. ಆಮೇಲೆ ಹೊಡ್ದಿದ್ದು ಗೊತ್ತು. ಸಾಯ್ಲಿ ಅಂತ ಅಲ್ಲ. ಆ ಬಾಯಿ ಮುಚ್ಲಿ ಅಂತ. ಕೈಲಿದ್ದುದ್ನ ಅಲ್ಲೇ ಎಸ್ದು ಓಡ್ಬಂದೆ, ಕರ್ಚೀಫಲ್ಲಿದ್ದ ಹಲ್ಲು ಎಲ್ಲಿ ಬಿತ್ತೋ ಗೊತ್ತಾಗ್ಲಿಲ್ಲ."

"ಗಿಚೂರುವನ್ನು ಹಿಡಿದದ್ದು ಗೊತ್ತಿತ್ತೆ?"

ಅವಳು ತಲೆ ತಗ್ಗಿಸಿದಳು. "ಸೋಮವಾರ ಗೊತ್ತಾಯ್ತು. ಹೋಗಿ ಹೇಳಣ ಅಂದೆ. ಅವರ ಕಡೆಯೋರು ಇದ್ಕೆಲ್ಲ ಅಭ್ಯಾಸ ಆಗಿರ್ತಾರೆ, ನೀನು ಸುಮ್ನಿರು ಅಂದ್ರು ನಮ್ಮನೆಯವ್ರು. ನಾಕು ದಿನ ಸುಮ್ನಿದ್ದೆ. ಅದು ನಂದೇ ತಪ್ಪು. ಅದುನ್ನೂ ಬರ್ಕಳಿ."

ಬರೆದುಕೊಂಡರು. ಚೌಕಟ್ಟಿನ ಮೇಲಿನ ಬೆರಳಚ್ಚು ಅವಳದೇ ಎಂದು ಸಂಜೆಯ ಹೊತ್ತಿಗೆ ವರದಿ ಬಂತು. ಗಂಭೀರ ಗಾಯದ ಆರೋಪದಲ್ಲಿ ಅವಳನ್ನು ಬಂಧಿಸಿದರು. ವೆಕೆಸಾ ಮತ್ತೆ ಆಸ್ಪತ್ರೆಗೆ ಹೋಗಿ ಎರಕವನ್ನೂ ಹಲ್ಲನ್ನೂ ಯಶವಂತ್ ಅವರ ಮಂಚದ ಮೇಲಿಟ್ಟರು. ಯಶವಂತ್ ಗೋಡೆಯ ಕಡೆ ತಿರುಗಿದರು. ಮಧುರಾ ಮಾತ್ರ ಆ ಎರಕವನ್ನು ನೋಡಿದರು, ಗಂಡನನ್ನು ನೋಡಿದರು. "ಹೊಡೆದದ್ದು ಗಿಚೂರು ಅಲ್ಲ ಅಂತ ಇವ್ರಿಗೆ ಗೊತ್ತಿತ್ತಾ?" ಎಂದು ಯಾರನ್ನೋ ಕೇಳುವಂತೆ ಕೇಳಿದರು. ಪೊಲೀಸರಿಗೆ ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ಡಾಕ್ಟರ ಮೇಲೆ ಬೇರೆ ಪ್ರಕರಣ ದಾಖಲಾಯಿತು. ಅಭಯ್‌ನ ಹೇಳಿಕೆಯನ್ನೂ ಪಡೆದರು. ಅಪರಾಧ ಮುಚ್ಚಿಟ್ಟನೆಂದು ಅವನ ಮೇಲೆ ಮೊಕದ್ದಮೆ ಹೂಡುವುದೋ ಬೇಡವೋ ಎಂಬುದು ಮೇಲಧಿಕಾರಿಯ ಮೇಜಿನ ಮೇಲೆ ಉಳಿಯಿತು.

ಗಿಚೂರುವನ್ನು ಆ ಸಂಜೆಯೇ ಬಿಟ್ಟರು. ಗೇಟಿನ ಹೊರಗೆ ಹೆಂಡತಿ ಕಾಯುತ್ತಿದ್ದಳು. ಅವನು ಯಾರಿಗೂ ಕೃತಜ್ಞತೆ ಹೇಳಲಿಲ್ಲ. ಹೇಳಬೇಕೆಂದು ವೆಕೆಸಾ ಅವರಿಗೂ ಅನ್ನಿಸಲಿಲ್ಲ.

ಸೋಮವಾರ ಕೋರ್ಟಿಗೆ ಹಾಜರುಪಡಿಸುವ ಮೊದಲು ಊರ್ಮಿಳಾಳ ಜ್ವರ ಏರಿತು. ವೆಕೆಸಾ ಅವಳನ್ನು ಡಾಕ್ಟರ್ ನ್ಯಾಂಬುರಾ ಅವರಲ್ಲಿಗೆ ಕರೆದೊಯ್ದರು. ವಿಮಲಾ ಜೊತೆಗಿದ್ದರು. ನ್ಯಾಂಬುರಾ ಉಪಕರಣಗಳನ್ನು ಮುಟ್ಟಲಿಲ್ಲ. ಸ್ಟೂಲು ಎಳೆದು ಅವಳ ಮುಖದ ಮಟ್ಟಕ್ಕೆ ಕೂತರು.

"ಅವಳಿಗೆ ಹೇಳಿ," ಎಂದರು ವಿಮಲಾ ಅವರಿಗೆ. "ಬೇರು ಒಳಗಿದೆ. ಸುತ್ತ ಕೀವಾಗಿದೆ. ತೆಗೆಯಬಹುದು, ಔಷಧಿ ಕೊಟ್ಟು ಉಳಿಸೋಕೂ ಪ್ರಯತ್ನ ಮಾಡಬಹುದು. ತೆಗೆದರೆ ಆ ಜಾಗ ಖಾಲಿ ಉಳಿಯುತ್ತೆ. ಉಳಿಸಿದರೆ ಇನ್ನೂ ಕೆಲವು ತಿಂಗಳು ಚಿಕಿತ್ಸೆ, ಫಲ ಸಿಗುತ್ತೆ ಅಂತ ಭರವಸೆ ಇಲ್ಲ. ಯಾವುದು ಮಾಡಲಿ ಅಂತ ಅವಳೇ ಹೇಳಬೇಕು."

ವಿಮಲಾ ಒಂದೊಂದೇ ವಾಕ್ಯವನ್ನು ಬಿಡಿಸಿ ಹೇಳಿದರು. ಊರ್ಮಿಳಾ ಕೇಳಿಸಿಕೊಂಡಳು. ಕೋರ್ಟಿಗೆ ತಡವಾಗುತ್ತಿದೆಯೆಂದು ಅತಿಯೆನೊ ವೆಕೆಸಾ ಅವರ ಕಡೆ ನೋಡಿದಳು. ಅವರು ಕುರ್ಚಿಯೊಂದನ್ನು ಎಳೆದುಕೊಂಡು ಕೂತುಬಿಟ್ಟರು.

ಬಹಳ ಹೊತ್ತಾದ ಮೇಲೆ ಊರ್ಮಿಳಾ, "ತೆಗೀರಿ," ಎಂದಳು.

ನ್ಯಾಂಬುರಾ ಕೈಗವಸು ಹಾಕಿಕೊಂಡರು.

"ಒಂದು ಕನ್ನಡಿ ಕೊಡಿ," ಎಂದಳು ಅವಳು. "ಈ ಸಲ ನಾನೂ ನೋಡ್ತೀನಿ."